ಏಡಿಯ ಕಣ್ಣು, ಅವ್ವನ ಮಂಚ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವ್ವನ ಮಂಚದ ಹಿಂದೆ ಹಸಿರು ಪರದೆ ಇತ್ತೆಂದು ನನ್ನ ನೆನಪು ಹೇಳುತ್ತದೆ. ಆ ಪರದೆ ತಂದದ್ದು ಎಂಬತ್ತರ ನಂತರ ಎಂದು ನನ್ನದೇ ಡೈರಿ ಹೇಳುತ್ತದೆ. ಏಡಿ ಸಂಗ್ರಹಿಸಲು ಹೋಗಿ ನಾನು ರತ್ನಾಗಿರಿಯಲ್ಲಿ ಇದ್ದದ್ದು ಹನ್ನೆರಡು ದಿನವೋ ಹದಿನಾಲ್ಕು ದಿನವೋ ಖಚಿತವಿಲ್ಲ. ಅಲ್ಲಿದ್ದಾಗ ಡೈರಿ ಬರೆಯಲಿಲ್ಲ, ಪ್ರಯೋಗದ ವಹಿ ಮಾತ್ರ ಬರೆದೆ. ಅದರಲ್ಲಿ ನೀರು ಎಷ್ಟು ಬೆಚ್ಚಗಿತ್ತು, ಏಡಿಗಳ ತೂಕ ಎಷ್ಟಿತ್ತು ಎಲ್ಲ ಇದೆ, ನಾನು ಮಾತ್ರ ಇಲ್ಲ.

ಅವ್ವ ಮೊದಲ ಸಲ ಬಿದ್ದದ್ದು ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ವಾರ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಡೈರಿ ತೆರೆದು ನೋಡಿದರೆ ಅವೆರಡರ ನಡುವೆ ಎರಡು ತಿಂಗಳ ಅಂತರವಿತ್ತು, ಅವ್ವ ಬಿದ್ದದ್ದೇ ಮೊದಲು. ನನ್ನ ನೆನಪು ಆ ಎರಡನ್ನೂ ಎಳೆದು ತಂದು ಪಕ್ಕಪಕ್ಕ ಕೂರಿಸಿದ್ದೇಕೆ ಎಂದು ಆಗಾಗ ಕೇಳಿಕೊಳ್ಳುತ್ತೇನೆ. ಅವ್ವನ ಮೇಲೆ ಒಂದು ಆರೋಪ ಹೊರಿಸುವುದಕ್ಕೆ ನನಗೆ ಆ ಜೋಡಣೆ ಬೇಕಿತ್ತೇನೋ.

ಆಗಲೂ ನಾವು ಪುಣೆಯ ಧನಕವಡಿಯ ಇದೇ ಚಾಳಿನಲ್ಲಿದ್ದೆವು. ಒಂದೇ ಸಾಲಿನಲ್ಲಿ ಎಂಟು ಮನೆ, ಒಂದೊಂದಕ್ಕೆ ಎರಡು ಕೋಣೆ, ಎಲ್ಲರಿಗೂ ಸೇರಿ ಒಂದು ನಳ. ಅಪ್ಪ ಗೌಂಡಿ. ಕಲಬುರಗಿ ಕಡೆಯಿಂದ ಇಟ್ಟಿಗೆ ಹೊರುವುದಕ್ಕೆ ಬಂದವನು ಕರಣೆ ಹಿಡಿಯಲು ಕಲಿತಿದ್ದ. ಪುಣೆ ದಕ್ಷಿಣಕ್ಕೆ ಬೆಳೆಯುತ್ತಿದ್ದ ಕಾಲ ಅದು, ಅವನಿಗೆ ಕೆಲಸ ತಪ್ಪಿದ ದಿನವಿರಲಿಲ್ಲ. ನಾನು ಒಬ್ಬಳೇ ಮಗಳು. ನನ್ನ ಮೇಲಿನ ಇಬ್ಬರು ಉಳಿಯಲಿಲ್ಲ. ಅಪ್ಪ ನನ್ನನ್ನು ಓದಿಸಿದ. ಯಾಕೆ ಓದಿಸುತ್ತೀ ಎಂದು ಕೇಳಿದವರಿಗೆಲ್ಲ, “ಓದತೀನಂತಾಳ, ಓದ್ಲಿ ಬಿಡ್ರಿ” ಎನ್ನುತ್ತಿದ್ದ.

ಅವ್ವ ನಳದ ಹತ್ತಿರ ಬಿದ್ದಳು. ಎದ್ದು ನಿಂತರೆ ತಲೆ ತಿರುಗುವುದು, ನಾಲ್ಕು ಹೆಜ್ಜೆಗೆ ಏದುಸಿರು. ಸ್ವಾರಗೇಟಿನ ಹತ್ತಿರದ ಡಾಕ್ಟರರು ಎರಡು ಸಲ ನೋಡಿ, ರಕ್ತ ಕಡಿಮೆ ಇದೆ, ಬೇರೇನೂ ಇಲ್ಲ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಗುಳಿಗೆ ಮುಗಿದವು, ಅವ್ವ ಏಳಲಿಲ್ಲ. ಹೊರಗಿನ ಕೋಣೆಯಲ್ಲಿ, ಅಡಿಗೆಮನೆಯ ಬಾಗಿಲಿಗೂ ಬೀದಿಯ ಬಾಗಿಲಿಗೂ ನಡುವೆ, ಅಪ್ಪ ಕಬ್ಬಿಣದ ಮಂಚ ಹಾಕಿದ. ಬೇರೆ ಕಡೆ ಅದು ಹಿಡಿಸುತ್ತಿರಲಿಲ್ಲ. ಒಳಗೆ ಬರುವವರು, ಹೊರಗೆ ಹೋಗುವವರು ಎಲ್ಲರೂ ಅದರ ಕಾಲಿನ ಕಡೆ ಮೈ ಓರೆ ಮಾಡಿಕೊಂಡು ದಾಟಬೇಕು. ಅಂದಿನಿಂದ ದಿನಕ್ಕೆ ಹತ್ತಾರು ಬಾರಿ ನಾನು ಹಾಗೆ ದಾಟಿದ್ದೇನೆ. ಈಗ ಬಯಲಿನಲ್ಲಿ ನಡೆಯುವಾಗಲೂ ಒಮ್ಮೊಮ್ಮೆ ನನ್ನ ಬಲ ಸೊಂಟ ತಾನೇ ಹಿಂದಕ್ಕೆ ಸರಿಯುತ್ತದೆ.

ಮನೆಯ ಕೆಲಸ ನನ್ನದಾಯಿತು. ಬೆಳಿಗ್ಗೆ ನಳದಲ್ಲಿ ನೀರು ಹಿಡಿದು, ಜೋಳದ ರೊಟ್ಟಿ ಬಡಿದು, ಅಪ್ಪನಿಗೆ ಕಟ್ಟಿಕೊಟ್ಟು, ಅವ್ವನ ತಲೆ ಬಾಚಿ, ಎರಡು ಬಸ್ಸು ಬದಲಿಸಿ ಊರಿನ ಇನ್ನೊಂದು ತುದಿಯಲ್ಲಿದ್ದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಎಂ.ಎಸ್ಸಿ. ಓದಲು ಹೋಗುತ್ತಿದ್ದೆ. ರೊಟ್ಟಿ ನನಗೆ ಸರಿಯಾಗಿ ಬರುತ್ತಿರಲಿಲ್ಲ. ಅವ್ವ ಮಂಚದಿಂದಲೇ ಸದ್ದು ಕೇಳಿ ತಪ್ಪು ಹೇಳುತ್ತಿದ್ದಳು.

“ನೀರು ಕುದಿಯೂದಕ್ಕ ಮೊದ್ಲ ಹಿಟ್ಟ ಹಾಕೀದಿ.”

“ನಿಂಗ ಹ್ಯಾಂಗ ಗೊತ್ತಾತು?”

“ಬಡಿಯೂದು ಕೇಳಸ್ತದಲ್ಲ. ತಬ್ ತಬ್ ಅನ್ನಾಕತ್ತದ. ಟಪ್ ಟಪ್ ಅನಬೇಕು. ಈಗ ಅಂಚು ಸೀಳತದ ನೋಡು.”

ಅಂಚು ಸೀಳುತ್ತಿತ್ತು.

ವಿಭಾಗದಲ್ಲಿ ನನ್ನ ಕೆಲಸ ಏಡಿಗಳ ಮೇಲೆ. ಕಾತ್ರಜ್‌ನ ಹಳ್ಳಗಳಲ್ಲಿ ಹಿಡಿದ ಸಿಹಿನೀರಿನ ಏಡಿಗಳನ್ನು ಪ್ಲಾಸ್ಟಿಕ್ ಟಬ್ಬುಗಳಲ್ಲಿ ಇಟ್ಟಿದ್ದೆವು. ಮೇಲೆ ತಂತಿ ಜಾಳಿಗೆ, ಜಾಳಿಗೆಯ ಮೇಲೆ ಇಟ್ಟಿಗೆ. ಏಡಿಗಳು ಒಂದರ ಬೆನ್ನ ಮೇಲೊಂದು ಹತ್ತಿ ಜಾಳಿಗೆಯನ್ನು ಎತ್ತಲು ನೋಡುತ್ತಿದ್ದವು. ದಿನವಿಡೀ ಕರಕರ ಸದ್ದು. ಮೊದಲ ತಿಂಗಳು ಆ ಸದ್ದಿನಿಂದ ತಲೆನೋವು ಬರುತ್ತಿತ್ತು. ಆಮೇಲೆ ಅದು ಕೇಳಿಸುವುದೇ ನಿಂತಿತು. ನಿಂತದ್ದು ಗಮನಕ್ಕೆ ಬಂದಾಗ ನನಗೆ ನನ್ನ ಬಗ್ಗೆಯೇ ಸ್ವಲ್ಪ ಹೆದರಿಕೆಯಾಯಿತು.

ಏಡಿಯ ಕಣ್ಣು ಒಂದು ಪುಟ್ಟ ತೊಟ್ಟಿನ ತುದಿಯಲ್ಲಿರುತ್ತದೆ. ಆ ತೊಟ್ಟಿನೊಳಗೆ ಸಾಸಿವೆಗಿಂತ ಚಿಕ್ಕದೊಂದು ಗ್ರಂಥಿ. ಅದು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ದಾರಿ ಒಂದೇ. ಏಡಿಯನ್ನು ಮಂಜುಗಡ್ಡೆಯಲ್ಲಿ ಮರಗಟ್ಟಿಸಿ, ಎರಡೂ ತೊಟ್ಟುಗಳನ್ನು ಬುಡದಲ್ಲಿ ಕತ್ತರಿಸಿ, ಕಾದ ಸೂಜಿಯಿಂದ ಗಾಯ ಮುಚ್ಚಿ, ಕಾಯುವುದು. ಪಕ್ಕದ ಟಬ್ಬಿನಲ್ಲಿ ಅಷ್ಟೇ ಏಡಿಗಳು. ಅವಕ್ಕೂ ಮಂಜುಗಡ್ಡೆ, ಅವಕ್ಕೂ ಕಾದ ಸೂಜಿಯ ಒಂದು ಚುಚ್ಚು, ಆದರೆ ಕಣ್ಣು ಮುಟ್ಟುವುದಿಲ್ಲ. ಎರಡು ಟಬ್ಬಿನ ನಡುವೆ ಏನು ವ್ಯತ್ಯಾಸ ಕಂಡಿತೋ ಅದು ಆ ತೊಟ್ಟಿನ ಲೆಕ್ಕಕ್ಕೆ.

ತೊಟ್ಟು ಕಳೆದುಕೊಂಡ ಏಡಿಗಳು ಬೇಗ ಬೇಗ ಚಿಪ್ಪು ಕಳಚಿದವು. ಹೆಣ್ಣುಗಳ ಅಂಡಾಶಯ ಋತು ಬರುವ ಮುಂಚೆಯೇ ಬೆಳೆದು ಕಿತ್ತಳೆ ಬಣ್ಣಕ್ಕೆ ತಿರುಗಿತು. ನನಗೆ ರೋಮಾಂಚನ. ಅಂಗವೆಂದರೆ ಏನನ್ನಾದರೂ ಮಾಡುವಂಥದ್ದು ಎಂದು ಶಾಲೆಯಿಂದ ಕಲಿತಿದ್ದೆ. ಹೃದಯ ತಳ್ಳುತ್ತದೆ, ಹೊಟ್ಟೆ ಅರೆಯುತ್ತದೆ, ಮೂತ್ರಪಿಂಡ ಸೋಸುತ್ತದೆ. ಇಲ್ಲಿ ತಡೆಯುವುದೇ ಕೆಲಸವಾದ ಒಂದು ಅಂಗವಿತ್ತು. ಅದು ಇದ್ದಷ್ಟು ದಿನ ಏನೂ ಆಗುವುದಿಲ್ಲ, ಆ ಏನೂ ಆಗದಿರುವುದೇ ಅದರ ಕೆಲಸ.

ಅವತ್ತು ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮಂಚದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕೂತು ಮಾಡುವ ಕೆಲಸವನ್ನಷ್ಟೇ ಮಾಡುತ್ತಿದ್ದಳು.

“ಏನ್ ಮಾಡಿದಿ ಪ್ರೊಫೆಸರ್‌ಬಾಯಿ ಇವತ್ತ?”

“ಏಡಿ ಕಣ್ಣು ಕತ್ತರಿಸಿದೆ.”

“ಅಯ್ಯ ಶಿವನ! ಯಾಕ?”

“ಅದರ ಕೆಲಸ ಏನಂತ ನೋಡಾಕ.”

“ಕಣ್ಣಿನ ಕೆಲಸ ಏನಂತ ಬೀದ್ಯಾಗಿನ ಮಂದಿ ಸುದ್ದಾ ಹೇಳ್ತಾರ. ಅದಕ್ಕ ಎಂ.ಎಸ್ಸಿ. ಮಾಡಬೇಕಾ?”

ನಾನು ಗ್ರಂಥಿಯ ಮಾತು ಹೇಳಿದೆ. ಅದು ತಡೆಯುತ್ತದೆ, ಅದನ್ನು ತೆಗೆದರೆ ಚಿಪ್ಪು ಬಿಚ್ಚಿಕೊಳ್ಳುತ್ತದೆ, ತತ್ತಿ ಬೆಳೆಯುತ್ತದೆ ಎಂದೆ. ಅವ್ವ ಒಂದು ಹಳದಿ ಎಲೆಯನ್ನು ಕಿತ್ತು ಬದಿಗಿಟ್ಟಳು.

“ತಡಿಯೂದು ಒಂದು ಕೆಲಸ ಆದ್ರ, ನಿಮ್ಮಪ್ಪಗ ಭಾಳ ಕೆಲಸ ಅದ ನೋಡು,” ಎಂದು ನಕ್ಕಳು. ನಕ್ಕು, ಕೆಮ್ಮಿ, ಗೋಡೆಗೆ ಒರಗಿದಳು.

ನನ್ನ ಮಾರ್ಗದರ್ಶಕರು ಮರಾಠಿಯವರು, ನಿವೃತ್ತಿಗೆ ಹತ್ತಿರವಾದವರು. ಅವರಲ್ಲೊಂದು ಪದ್ಧತಿ ಇತ್ತು. ನಾವು ಇಂಗ್ಲಿಷಿನಲ್ಲಿ ಬರೆದುಕೊಟ್ಟ ವರದಿಯಲ್ಲಿ ‘ಇದರ ಸಲುವಾಗಿ’ ಎಂಬ ಅರ್ಥದ ಮಾತು ಎಲ್ಲಿ ಕಂಡರೂ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುತ್ತಿದ್ದರು. ನನ್ನ ಮೊದಲ ವರದಿ ಒಂದು ಪುಟಕ್ಕೆ ಏಳೆಂಟು ಕೆಂಪು ಗೆರೆ ಹೊತ್ತು ವಾಪಸು ಬಂತು. ‘ಚಿಪ್ಪು ಕಳಚುವುದನ್ನು ತಡೆಯುವ ಸಲುವಾಗಿ ಈ ಗ್ರಂಥಿ ಇದೆ’ ಎಂದು ನಾನು ಬರೆದಿದ್ದ ಕಡೆ ಗೆರೆ ಎರಡು ಸಲ ಎಳೆದಿದ್ದರು. ನಾನು ಹೋಗಿ ಕೇಳಿದೆ. ಅವರು ಹೇಳಿದ್ದನ್ನು ಮರಾಠಿಯಿಂದ ನನ್ನ ಭಾಷೆಗೆ ತಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

“ಹೃದಯ ರಕ್ತ ತಳ್ಳುತ್ತೆ. ಸದ್ದೂ ಮಾಡುತ್ತೆ. ಯಾವುದರ ಸಲುವಾಗಿ ಅದು ಅಲ್ಲಿದೆ?”

“ರಕ್ತ ತಳ್ಳೋದಕ್ಕೆ ಸರ್.”

“ಸದ್ದಿನಿಂದಲೂ ಉಪಯೋಗ ಇದೆಯಲ್ಲ? ಡಾಕ್ಟರು ಕಿವಿಗಿಟ್ಟು ಕೇಳ್ತಾರೆ.”

“ಅದು ಡಾಕ್ಟರಿಗೆ ಸರ್. ಹೃದಯಕ್ಕಲ್ಲ.”

“ಸರಿ. ರಕ್ತ ತಳ್ಳಿದ್ದರಿಂದ ಹೃದಯ ತಲೆತಲಾಂತರಕ್ಕೂ ಉಳಿದು ಬಂತು. ಸದ್ದು ಮಾಡಿದ್ದರಿಂದ ಉಳೀಲಿಲ್ಲ. ಏನು ಮಾಡುತ್ತೆ ಅನ್ನೋದು ಒಂದು ಪ್ರಶ್ನೆ. ಯಾಕೆ ಉಳಿದುಕೊಂಡಿತು ಅನ್ನೋದು ಇನ್ನೊಂದು. ‘ಸಲುವಾಗಿ’ ಅಂತ ಬರೆಯೋಕೆ ಎರಡನೇದು ಗೊತ್ತಿರಬೇಕು. ನೀನು ಕತ್ತರಿ ಹಾಕಿದ್ದೀಯ ಅಷ್ಟೆ. ‘ತೆಗೆದಾಗ ಹೀಗಾಯಿತು’ ಅಂತ ಬರಿ. ಅಲ್ಲಿಗೆ ನಿಲ್ಲಿಸು. ಅದೂ ಒಂದು ಸಲ ನೋಡಿ ಬರೀಬೇಡ. ಇನ್ನೊಂದು ಸಲ ಮಾಡು.”

ನಾನು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆ ಮಾತನ್ನೇ ತಿರುವಿ ಹಾಕುತ್ತ ಬಂದೆ. ಮನೆಯಲ್ಲಿ ಮಂಚದ ಕಾಲು ದಾಟುವಾಗ ಅದು ಬೇರೊಂದು ಅರ್ಥ ಪಡೆದುಕೊಂಡಿತು. ಅವ್ವನ ಕಾಯಿಲೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಅದು ನನ್ನನ್ನು ಇಲ್ಲಿ ಇರಿಸಿಕೊಳ್ಳುತ್ತದೆ. ಎರಡು ಕಡೆಯಿಂದ ನನ್ನನ್ನು ನೋಡಲು ಬಂದವರು ಮಂಚವನ್ನು ಕಂಡು, ಚಹಾ ಕುಡಿದು, ಮತ್ತೆ ಬರಲಿಲ್ಲ. ಗೆಳತಿಯರು ಬೇರೆ ಊರಿನ ಕಾಲೇಜುಗಳಿಗೆ ಹೋದರು, ನಾನು ಅರ್ಜಿಯನ್ನೂ ಹಾಕಲಿಲ್ಲ. ಆದರೆ ಆ ಕಾಯಿಲೆ ಉಳಿದುಕೊಂಡದ್ದು ಯಾಕೆ? ನನ್ನನ್ನು ಇರಿಸಿಕೊಂಡದ್ದರಿಂದಲೇ ಉಳಿಯಿತೇ? ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ಬಂದದ್ದು ಹೋಗಲಿಲ್ಲ.

ಎರಡನೆಯ ವರ್ಷದ ಕೊನೆಗೆ ಸರ್ ನನ್ನನ್ನು ಕರೆದು, ಕರಾವಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಸಮುದ್ರದ ಏಡಿಗಳ ಮೇಲೆ ಎರಡು ವರ್ಷದ ಕೆಲಸವಿದೆ, ನಿನ್ನ ಹೆಸರು ಬರೆದಿದ್ದೇನೆ ಎಂದರು. ಅದಕ್ಕೆ ಮೊದಲು ರತ್ನಾಗಿರಿಗೆ ಹೋಗಿ ಸುಮಾರು ಎರಡು ವಾರ ಏಡಿ ಸಂಗ್ರಹಿಸಿ ಬಾ, ಕೈ ಪಳಗುತ್ತದೆ, ಬಂದ ಮೇಲೆ ಹತ್ತು ದಿನದೊಳಗೆ ಒಪ್ಪಿಗೆಯ ಪತ್ರ ಹಾಕಬೇಕು ಎಂದರು.

ಅಪ್ಪ ಊಟ ಮಾಡುತ್ತಿದ್ದಾಗ ಕೇಳಿದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಪ್ಪ ಇನ್ನೊಂದು ರೊಟ್ಟಿ ಮುರಿದ.

“ಸ್ಲ್ಯಾಬ್ ಹಾಕಿದ ಮ್ಯಾಲ ಕೆಳಗ ಬಲ್ಲಿ ನಿಲ್ಲಸ್ತೀವಿ. ಗೊತ್ತಲ್ಲ?” ಎಂದ.

ಗೊತ್ತಿತ್ತು. ಕಾಂಕ್ರೀಟು ಗಟ್ಟಿಯಾಗುವ ತನಕ ಚಾವಣಿಯನ್ನು ಹೊತ್ತು ನಿಲ್ಲುವ ಮರದ ಕಂಬಗಳು.

“ಬಲ್ಲಿ ಇರೂತನಕ ಸ್ಲ್ಯಾಬ್ ತಾನಾ ನಿಂತದೋ, ಬಲ್ಲಿ ಮ್ಯಾಲ ನಿಂತದೋ ಯಾರಿಗೂ ತಿಳಿಯೂದಿಲ್ಲ. ಬಿಚ್ಚಿದಾಗ ತಿಳೀತದ.”

“ಲಗೂನ ಬಿಚ್ಚಿದ್ರ?”

“ಬೀಳತದ.” ಅವನು ಕೈ ತೊಳೆದುಕೊಂಡ. “ಹೋಗಿ ಬಾ. ಹದಿನೈದ ದಿನ ನಾ ನೋಡ್ಕೋತೀನಿ.”

ಅವ್ವ ಗೋಡೆಯ ಕಡೆಯಿಂದಲೇ ಹೇಳಿದಳು, “ನಾ ಏನ್ ಸ್ಲ್ಯಾಬೇನು?”

ಅಪ್ಪ ನಗಲಿಲ್ಲ. ನಾನೂ ನಗಲಿಲ್ಲ.

ಹೊರಡುವ ಮುಂಚೆ ಮೂರು ದಿನ ಕೂತು ಖಡಕ್ ರೊಟ್ಟಿ ಮಾಡಿದೆ. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬಳಿ ನಿಲ್ಲಿಸಿ ಒಣಗಿಸಿದರೆ ಹದಿನೈದು ದಿನ ಕೆಡುವುದಿಲ್ಲ. ಅರವತ್ತೋ ಎಪ್ಪತ್ತೋ ಆಗಿದ್ದವು. ಬಿದಿರ ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿ ಬಿಳಿ ಬಟ್ಟೆ ಮುಚ್ಚಿದೆ. ಶೇಂಗಾ ಚಟ್ನಿ ಡಬ್ಬಿ ತುಂಬಿಸಿದೆ. ಪಕ್ಕದ ಮನೆಯ ಕಾಕೂಗೆ, ದಿನಕ್ಕೊಮ್ಮೆ ಇಣುಕಿ ನೋಡಿ ಎಂದು ಹೇಳಿದೆ. ಕಾಕೂ ಮರಾಠಿಯವರು, ನಮ್ಮ ಅಡಿಗೆಮನೆಗೂ ಅವರ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ನಮ್ಮ ಒಗ್ಗರಣೆಗೆ ಅವರು ಆ ಕಡೆ ಸೀನುತ್ತಿದ್ದರು.

ರತ್ನಾಗಿರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳಿಗ್ಗೆ ಮೀನುಗಾರರ ಬಲೆ ಬಿಡಿಸುವಾಗ ಹೋಗಿ ಕೂರುತ್ತಿದ್ದೆ. ಕೂತಲ್ಲಿಂದ ಏಳು ಎಂದು ಯಾರೂ ಕರೆಯುತ್ತಿರಲಿಲ್ಲ. ಮೊದಲ ಎರಡು ದಿನ ಅವ್ವನ ಚಿಂತೆ. ಮೂರನೆಯ ದಿನ ಅವಳು ನೆನಪಾಗಲಿಲ್ಲ, ನೆನಪಾಗದ್ದು ನಾಲ್ಕನೆಯ ದಿನ ನೆನಪಾಯಿತು. ಬಾಗಿಲು ದಾಟುವಾಗ ಮೈ ನೇರವಾಗಿತ್ತು. ಇದಿಷ್ಟು ಸುಖ. ಅದಕ್ಕಿಂತ ದೊಡ್ಡದಾಗಿತ್ತು ಎಂದು ನೆನಪು ಹೇಳಿದರೆ ನಾನು ನಂಬುವುದಿಲ್ಲ.

ವಾಪಸು ಬಂದಾಗ ಮಧ್ಯಾಹ್ನ. ಅವ್ವ ಮಂಚದ ಮೇಲೆ, ನಾನು ಬಿಟ್ಟುಹೋದ ಹಾಗೆಯೇ, ಎಡಗೈಯನ್ನು ಕೆನ್ನೆಯ ಕೆಳಗಿಟ್ಟು ಮಲಗಿದ್ದಳು.

“ಬಂದಿ? ಕರ್ರಗಾಗೀದಿ ನೋಡು.”

“ಹ್ಯಾಂಗದಿ ಅವ್ವಾ?”

“ಹ್ಯಾಂಗಿರ್ತೀನಿ. ಇದ್ದಂಗ ಇದೀನಿ.”

ಅಡಿಗೆಮನೆಗೆ ಹೋಗಿ ಬುಟ್ಟಿಯ ಬಟ್ಟೆ ಸರಿಸಿದೆ. ರೊಟ್ಟಿಗಳು ಇದ್ದವು. ಬಹುತೇಕ ಎಲ್ಲವೂ ಇದ್ದವು, ಮೇಲಿನ ನಾಲ್ಕೈದು ಮಾತ್ರ ಹೋಗಿದ್ದವು. ನೀರು ತರಲು ನಳಕ್ಕೆ ಹೋದಾಗ ಕಾಕೂ ಸಿಕ್ಕರು. ಅವರು ಹೇಳಿದ ವಾಕ್ಯವನ್ನು ಅವತ್ತೇ ಡೈರಿಯಲ್ಲಿ ಅವರ ಮಾತಿನಲ್ಲೇ ಬರೆದಿದ್ದೇನೆ: “ಅಗ, ತುಝೀ ಆಈ ರೋಜ್ ಭಾಕರೀ ಥಾಪತ್ ಹೋತೀ!” ನಿನ್ನ ತಾಯಿ ದಿನಾ ರೊಟ್ಟಿ ಬಡಿಯುತ್ತಿದ್ದಳು. ನಾನು ನಂಬದೆ ನೋಡಿದಾಗ ಅವರು ತಮ್ಮ ಕಿವಿ ಮುಟ್ಟಿಕೊಂಡರು. ನನ್ನ ಬಡಿತ ಅವರಿಗೆ ಗೊತ್ತು, ಇದು ಬೇರೆಯೇ ಕೈ, ಪಳಗಿದ ಕೈ, ಬೆಳಿಗ್ಗೆ ಬೆಳಿಗ್ಗೆ ಕೇಳುವುದಕ್ಕೆ ಚೆಂದವಾಗಿತ್ತು ಎಂದರು. ಅವರ ಪಾಲಿಗೆ ಅದು ಒಳ್ಳೆಯ ಸುದ್ದಿ.

ನಾನು ಕೊಡ ಹೊತ್ತು ಬಂದೆ. ಅಪ್ಪ ಬಂದಾಗ, ರೊಟ್ಟಿ ಯಾಕೆ ತಿನ್ನಲಿಲ್ಲ ಎಂದು ಕೇಳಿದೆ. “ಹಲ್ಲು ನೋಯ್ತಾವ,” ಎಂದ, ನನ್ನನ್ನು ನೋಡದೆ. ಅವ್ವನ ಕೈ ನೋಡಿದೆ. ಉಗುರುಗಳು ಸ್ವಚ್ಛವಾಗಿದ್ದವು. ಅಷ್ಟು ಸ್ವಚ್ಛ ಯಾಕಿದ್ದವು ಎಂದು ಅನುಮಾನಿಸಿದೆ. ನಾನು ಆಗಲೇ ಅಂಥವಳಾಗಿದ್ದೆ.

ಎರಡು ದಿನ ನಾನು ಅವ್ವನ ಜೊತೆ ಬೇಕಾದಷ್ಟೇ ಮಾತಾಡಿದೆ. ತೊಟ್ಟು ಕತ್ತರಿಸಿದ ಏಡಿಯ ಚಿತ್ರ ತಲೆಯಿಂದ ಹೋಗುತ್ತಿರಲಿಲ್ಲ. ಅವ್ವ ನನ್ನನ್ನು ತಡೆದಿದ್ದಾಳೆ ಎಂದು ತಿಳಿದಿದ್ದೆ. ಆದರೆ ಈ ಮನೆಯಿಂದ ತೆಗೆದು ಹೊರಗಿಟ್ಟದ್ದು ನನ್ನನ್ನು. ತೆಗೆದಾಗ ಆದದ್ದು ಅವ್ವ ಎದ್ದದ್ದು. ಹಾಗಾದರೆ ತಡೆಯುತ್ತಿದ್ದ ಅಂಗ ಯಾವುದು? ನಾನು ನೀರು ತಂದದ್ದರಿಂದ, ರೊಟ್ಟಿ ಬಡಿದದ್ದರಿಂದ, ತಲೆ ಬಾಚಿದ್ದರಿಂದ ಅವಳು ಮಲಗಿಯೇ ಉಳಿದಳೇ? ಮೂರನೆಯ ದಿನ ಒಪ್ಪಿಗೆಯ ಪತ್ರ ಬರೆದು, ಲಕೋಟೆಗೆ ಹಾಕಿ, ಅಂಟಿಸದೆ ಚೀಲದಲ್ಲಿಟ್ಟೆ.

ಅದೇ ವಾರ ಅವ್ವ ಮಂಚದಿಂದ ಇಳಿಯುವಾಗ ಬಿದ್ದಳು. ಈ ಸಲ ತುಟಿ ನೀಲಿಯಾಗಿತ್ತು. ಅಪ್ಪ ಕೆಲಸದಲ್ಲಿದ್ದ. ಕಾಕೂ ಮತ್ತು ನಾನು ಅವಳನ್ನು ಎತ್ತಿದೆವು, ಇಷ್ಟು ಹಗುರವಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅರ್ಧ ದಿನ ಅವಳಿಗೆ ಮಾತು ಸರಿಯಾಗಿ ಬರಲಿಲ್ಲ. ಅದೇ ಡಾಕ್ಟರರು ಬಂದು, ದಣಿವು, ರಕ್ತ ಕಡಿಮೆ ಎಂದರು.

ವಿಭಾಗದ ಟಬ್ಬುಗಳಲ್ಲಿ ಆಗ ಇನ್ನೊಂದು ಸಂಗತಿ ನಡೆಯುತ್ತಿತ್ತು. ತೊಟ್ಟು ಕಳೆದುಕೊಂಡ ಏಡಿಗಳು ಬೇಗ ಚಿಪ್ಪು ಕಳಚುತ್ತಿದ್ದವೇನೋ ನಿಜ. ಕಳಚುವಾಗಲೇ ಅರ್ಧದಲ್ಲಿ ಸಿಕ್ಕಿಕೊಂಡು ಬಹಳಷ್ಟು ಸಾಯುತ್ತಿದ್ದವು. ಹಳೆಯ ಚಿಪ್ಪು ಹಿಂದಿನಿಂದ ಬಿರಿದು, ಮೆತ್ತನೆಯ ಹೊಸ ಮೈ ಅರ್ಧ ಹೊರಗೆ, ಅರ್ಧ ಒಳಗೆ. ನಾನು ಅವನ್ನು ಎಣಿಸಿ ವಹಿಯಲ್ಲಿ ಬರೆಯುತ್ತಿದ್ದೆ. ತಡೆ ಇಲ್ಲದಾಗ ಬೆಳೆದದ್ದು ಬದುಕಿಗೋ ಸಾವಿಗೋ ಎಂದು ಹೇಳಲು ಆಗುತ್ತಿರಲಿಲ್ಲ.

ಹತ್ತನೆಯ ದಿನ ಸರ್ ಮುಂದೆ ನಿಂತು, ಹೋಗುವುದಿಲ್ಲ ಎಂದೆ. ಮನೆಯಲ್ಲಿ ತಾಯಿಗೆ ಆಗುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

“ತಾಯಿಯ ಸಲುವಾಗಿ ಬಿಡ್ತಿದ್ದೀಯ?”

ನಾನು ಹೌದೆಂದೆ. ಅವರ ಕೈಯಲ್ಲಿ ಅವತ್ತು ಕೆಂಪು ಪೆನ್ಸಿಲ್ ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಈಗ ಯೋಚಿಸುತ್ತೇನೆ. ಯಾಕೆಂದರೆ ಆ ಉತ್ತರ ಪೂರ್ತಿ ನಿಜವಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ಎರಡು ವರ್ಷ ಒಬ್ಬಳೇ ಇರಬೇಕು, ಅಲ್ಲಿ ನಾನು ದಡ್ಡಿಯೆಂದು ಗೊತ್ತಾಗಿಬಿಟ್ಟರೆ ಎಂಬ ಭಯ ಗಟ್ಟಿಯಾಗಿತ್ತು. ಅವ್ವನ ಮಂಚ ನನ್ನ ದಾರಿಗೆ ಅಡ್ಡವಾಗಿತ್ತು, ನನ್ನ ಭಯಕ್ಕೆ ಮರೆಯೂ ಆಗಿತ್ತು. ಅವಳ ಕಾಯಿಲೆ ಉಳಿದುಕೊಳ್ಳುವುದರಿಂದ ನನಗೂ ಉಪಯೋಗವಿತ್ತು.

ಆಮೇಲೆ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬೋರ್ಡಿನ ಮೇಲೆ ಎರಡು ಕಂಬ ಎಳೆದು ಎಡಕ್ಕೆ ಅಂಗ, ಬಲಕ್ಕೆ ಕಾರ್ಯ ಎಂದು ಬರೆಯುತ್ತಿದ್ದೆ. ಮಕ್ಕಳು ನೋಡಿ ಬರೆದುಕೊಳ್ಳುತ್ತಿದ್ದರು. ಗುಲ್ಮ, ಪಿತ್ತಕೋಶ, ಮೇದೋಜೀರಕ, ಒಂದೊಂದಕ್ಕೆ ಒಂದೊಂದು ಸಾಲು. ಒಬ್ಬ ಹುಡುಗಿ ಒಮ್ಮೆ ಎದ್ದು, ಏನೂ ಕೆಲಸ ಇಲ್ಲದ ಅಂಗಕ್ಕೆ ಏನು ಬರೆಯಬೇಕು ಮ್ಯಾಡಮ್ ಎಂದು ಕೇಳಿದಳು. ಖಾಲಿ ಬಿಡು ಎಂದೆ. ಸಂಜೆ ಮನೆಗೆ ಹೋಗಿ ಸೊಂಟ ಓರೆ ಮಾಡಿಕೊಂಡು ಒಳಗೆ ಹೋದೆ.

ಕಾಲೇಜಿಗೆ ಸೇರಿ ಎರಡನೆಯದೋ ಮೂರನೆಯದೋ ವರ್ಷ ನನಗೆ ಕಾಮಾಲೆ ಬಂತು. ಕಣ್ಣು ಅರಿಸಿನ, ಮೈಯಲ್ಲಿ ಏಳುವ ಶಕ್ತಿ ಇಲ್ಲ. ನಳದ ಹತ್ತಿರವೇ ವಾಂತಿ ಮಾಡಿಕೊಂಡು ಕುಸಿದು ಕೂತೆ. ಅಪ್ಪ ಎತ್ತಿ ತಂದು ಎಲ್ಲಿ ಮಲಗಿಸುವುದೆಂದು ನೋಡುತ್ತ ನಿಂತ. ಅವ್ವ ಮಂಚದಿಂದ ಇಳಿದಳು.

“ಇಲ್ಲೆ ಹಾಕ್ರಿ,” ಎಂದಳು.

ಒಂದು ತಿಂಗಳಿಗಿಂತ ಹೆಚ್ಚು ದಿನ ಆ ಮಂಚದ ಮೇಲೆ ನಾನಿದ್ದೆ. ಅಲ್ಲಿಂದ ಏನು ಕಾಣುತ್ತದೆ ಎಂದು ಅಲ್ಲಿಯ ತನಕ ನಾನು ಯೋಚಿಸಿರಲಿಲ್ಲ. ಒಲೆಯ ಅರ್ಧ ಕಾಣುತ್ತದೆ. ಬೀದಿ ಬಾಗಿಲಿನ ಅಗಳಿ ಕಾಣುತ್ತದೆ. ನನ್ನ ಕಾಲೇಜಿನ ಚೀಲ ತೂಗುಹಾಕುವ ಮೊಳೆ ಸರಿಯಾಗಿ ಕಣ್ಣೆದುರಿಗಿದೆ. ಚೀಲವಿದ್ದರೆ ಮಗಳು ಮನೆಯಲ್ಲಿ, ಇಲ್ಲದಿದ್ದರೆ ಇಲ್ಲ. ಇದನ್ನೇ ನೋಡುತ್ತ ಅವಳು ಅಷ್ಟು ವರ್ಷ ಮಲಗಿದ್ದಳು. ಅವಳೂ ಜಾಳಿಗೆಯ ಕೆಳಗೇ ಇದ್ದಳೆಂದು ಆಗ ಹೊಳೆಯಿತು, ಆದರೆ ಅದರಿಂದ ನನ್ನ ಮೇಲಿನ ಇಟ್ಟಿಗೆ ಹಗುರವಾಗಲಿಲ್ಲ.

ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಟಪ್, ಟಪ್, ಸಮನಾಗಿ, ಒಂದೂ ತಪ್ಪದೆ. ನಡುವೆ ನಿಲ್ಲುತ್ತಿತ್ತು. ಆಗ ಅವಳು ಗೋಡೆಗೆ ಕೈಕೊಟ್ಟು ಉಸಿರು ಹಿಡಿಯುತ್ತಿದ್ದಳು, ಅದು ನನಗೆ ಮಂಚದಿಂದ ಕಾಣುತ್ತಿತ್ತು. ಮತ್ತೆ ಟಪ್ ಟಪ್. ಸರ್ ಹೇಳಿದ್ದ ಎರಡನೆಯ ಪ್ರಯೋಗ ನಾನು ಮಾಡದೆಯೇ ನಡೆಯುತ್ತಿತ್ತು. ನನ್ನನ್ನು ತೆಗೆದಾಗ ಅವ್ವ ಏಳುತ್ತಾಳೆ. ಎರಡು ಸಲ ನೋಡಿದ್ದಾಯಿತು.

ತಿಂಗಳ ಕೊನೆಗೆ ನನ್ನನ್ನು ನೋಡಲು ಬೇರೊಬ್ಬ ಡಾಕ್ಟರರು ಬಂದರು, ವಯಸ್ಸು ಕಡಿಮೆ, ಮಾತು ಕಡಿಮೆ. ನನ್ನನ್ನು ನೋಡಿ ಮುಗಿಸಿ ಕೈ ತೊಳೆಯಲು ಹೋದವರು ನೀರು ಕೊಟ್ಟ ಅವ್ವನ ಕಾಲು ನೋಡಿದರು. ಪಾದ ಊದಿತ್ತು. ಅಲ್ಲೇ ಅವಳನ್ನು ಕೂರಿಸಿ ಎದೆಗೆ ಯಂತ್ರ ಇಟ್ಟು ಬಹಳ ಹೊತ್ತು ಕೇಳಿದರು. ಎಡಕ್ಕೆ ಒರಗಿಸಿ ಮತ್ತೆ ಕೇಳಿದರು. ಹೃದಯದಲ್ಲಿ ಬೇರೆ ಸದ್ದಿದೆ ಎಂದರು. ಒಳಗಿನ ಕವಾಟ ಸರಿಯಾಗಿ ತೆರೆಯುತ್ತಿಲ್ಲ, ಇದು ಇವತ್ತಿನದಲ್ಲ, ಚಿಕ್ಕಂದಿನ ಜ್ವರದಿಂದ ಆಗಿರಬೇಕು, ಇವರು ಭಾರ ಎತ್ತಬಾರದು, ಹೆಚ್ಚು ಓಡಾಡಬಾರದು, ಇಷ್ಟು ವರ್ಷ ಯಾರೂ ಹೇಳಲಿಲ್ಲವೇ ಎಂದು ಕೇಳಿದರು.

ಅವರು ಹೋದ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ.

“ಕೇಳಿದ್ಯಾ?” ಎಂದಳು. “ಸುಳ್ಳಲ್ಲ ನಂದು.”

ನಾನು ಯಾವತ್ತೂ ಅವಳ ಕಾಯಿಲೆ ಸುಳ್ಳು ಎಂದಿರಲಿಲ್ಲ. ಬಾಯಿಬಿಟ್ಟು ಒಂದು ಮಾತೂ ಆಡಿರಲಿಲ್ಲ. ರತ್ನಾಗಿರಿಯಿಂದ ಬಂದ ದಿನದಿಂದ ಅವಳು ನನ್ನ ಮೌನವನ್ನು ಕೇಳಿಸಿಕೊಂಡಿದ್ದಳು, ಹಿಟ್ಟಿನ ಹದವನ್ನು ಕೇಳಿಸಿಕೊಂಡ ಹಾಗೆ.

ಆ ಮಾತಿನ ನಂತರ, ಅವಳು ನನ್ನನ್ನು ತಡೆಯಲು ಮಲಗಿದ್ದಾಳೆ, ಇಲ್ಲವೇ ನಾನೇ ಅವಳನ್ನು ಮಲಗಿಸಿಟ್ಟಿದ್ದೇನೆ ಎಂದು ನನ್ನ ಹತ್ತಿರ ಇದ್ದ ಎರಡು ವಿವರಣೆಗಳೂ ಮುರಿದವು. ಕಾಯಿಲೆ ನಿಜ, ಮೊದಲಿನಿಂದಲೂ ನಿಜ. ಹಾಗಿದ್ದರೆ ಎದ್ದದ್ದು ಯಾಕೆ? ಎದ್ದರೆ ಏನಾಗುತ್ತದೆಂದು ಬಹುಶಃ ಅವಳ ಮೈಗೆ ಗೊತ್ತಿತ್ತು. ನಾನು ರತ್ನಾಗಿರಿಗೆ ಹೋದಾಗ ಎದ್ದದ್ದು, ನಾನು ಇಲ್ಲದೆಯೂ ಮನೆ ನಡೆಯುತ್ತದೆ, ಹೋಗಬಹುದು ಎಂದು ನನಗೆ ತೋರಿಸಲಿಕ್ಕೋ? ಹಾಗಾದರೆ ನಾನು ಬಂದಾಗ ಉಗುರು ತೊಳೆದುಕೊಂಡು ಮಲಗಿದ್ದು ಯಾಕೆ? ಅಪ್ಪನಿಗೆ ಹಲ್ಲು ನೋವು ನಿಜವಾಗಿಯೇ ಇತ್ತೋ, ಅವನಿಗೆ ಬಿಸಿರೊಟ್ಟಿ ಬೇಕಿತ್ತೆಂದು ಅಷ್ಟಕ್ಕೇ ಎದ್ದಳೋ? ಹೋಲಿಸಿ ನೋಡಲು ನನ್ನ ಹತ್ತಿರ ಇನ್ನೊಂದು ಟಬ್ಬಿಲ್ಲ. ಕಾಯಿಲೆಯಿರದ ಅವ್ವನೂ ಇಲ್ಲ, ಹೊರಟುಹೋದ ಮಗಳೂ ಇಲ್ಲ.

ನಾನು ಗುಣವಾದೆ. ಅವ್ವ ಮತ್ತೆ ಮಂಚಕ್ಕೆ ಹೋದಳು, ಈ ಸಲ ಡಾಕ್ಟರರ ಮಾತಿನ ಮೇಲೆ. ಈಗಲೂ ಅಲ್ಲೇ ಇದ್ದಾಳೆ. ಎಂಬತ್ತರ ದಶಕ ಮುಗಿಯುತ್ತ ಬಂದಿದೆ, ಚಾಳಿನ ಎದುರಿಗೆ ಅಪ್ಪನ ಕೈಯ ನಾಲ್ಕು ಮಹಡಿ ಎದ್ದಿದೆ. ಅವನಿಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಾನು ಇದನ್ನು ಬರೆಯುತ್ತಿರುವುದು ಅಡಿಗೆಮನೆಯಲ್ಲಿ ಕೂತು. ಪರದೆಯ ಆ ಕಡೆ ಅವಳ ಉಸಿರು ಕೇಳುತ್ತದೆ.

ನಾನು ಅವಳನ್ನು ಕೇಳಿದ್ದು ಒಮ್ಮೆ ಮಾತ್ರ, ಆ ಡಾಕ್ಟರರು ಬಂದುಹೋದ ಮರುದಿನ. ಬೇಡವೆಂದರೂ ಅವಳು ಎದ್ದು ಒಲೆಯ ಮುಂದೆ ಕೂತಿದ್ದಳು. ನಾನು ಮಂಚದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಮುಖ ನೋಡಿ ಕೇಳುವ ಧೈರ್ಯವಿರಲಿಲ್ಲ. ನಾನು ಮಾತು ಮುಗಿಸುವಾಗ ಬಡಿತ ನಿಂತಿತು, ಅವಳು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ಆಮೇಲೆ ಮತ್ತೆ ಶುರುವಾಯಿತು, ಸಮನಾಗಿ. ಸರ್ ನೋಡಿದ್ದರೆ ನನ್ನ ಪ್ರಶ್ನೆಯ ಮೇಲೆ ಎರಡು ಕೆಂಪು ಗೆರೆ ಬೀಳುತ್ತಿದ್ದವು. ಆದರೂ ಬೇರೆ ಯಾವ ಮಾತಿನಲ್ಲಿ ಕೇಳಬೇಕಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

“ಅವ್ವಾ, ನೀ ನನ್ನ ಸಲುವಾಗಿ ಮಲಗಿದ್ಯೋ, ನನ್ನ ಸಲುವಾಗಿ ಎದ್ದಿಯೋ?”